ಐದು ಊರಿಗೆ ಒಂದೇ ಫೈಲು

ಬೇಸಿಗೆ ಶುರುವಾಗುವಾಗ ನನ್ನ ಗೆಳತಿ ಮೆಹರುನ್ನಿಸಾ ವಾಡಿಯಿಂದ ಶಹಾಬಾದಿಗೆ, ನಮ್ಮ ಮನೆಗೆ, ಒಂದು ಡಬ್ಬಿ ಪೇಢಾ ಕಳಿಸಿದಳು. ಅವಳಿಗೆ ಮೊಮ್ಮಗ ಹುಟ್ಟಿರಲಿಲ್ಲ. ಮನೆಯಲ್ಲಿ ಯಾರೂ ಪಾಸಾಗಿರಲಿಲ್ಲ. ಅವಳ ಕ್ರಿಯಾಟಿನಿನ್ ಇಳಿದಿತ್ತು.

ನಗಬೇಡಿ. ನಮ್ಮ ವಯಸ್ಸಿನಲ್ಲಿ ರಿಸಲ್ಟ್ ಅಂದರೆ ಇದೇ. (ಆಗ ಮಾರ್ಕ್ಸ್ ಕಾರ್ಡಿಗೆ ಅಪ್ಪ ಸೈನ್ ಹಾಕುತ್ತಿದ್ದರು, ಈಗ ಲ್ಯಾಬಿನವರು ಹಾಕುತ್ತಾರೆ. ಕವರು ತೆರೆಯುವ ಮೊದಲಿನ ಹೆದರಿಕೆ ಮಾತ್ರ ಅದೇ.)

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ರಿಯಾಟಿನಿನ್ ಎಂದರೆ ರಕ್ತದಲ್ಲಿ ಸೇರಿಕೊಳ್ಳುವ ಒಂದು ಬಗೆಯ ಕಸ. ಕಿಡ್ನಿ ಅದನ್ನು ಗುಡಿಸಿ ಹೊರಗೆ ಹಾಕಬೇಕು. ರಿಪೋರ್ಟಿನಲ್ಲಿ ಆ ನಂಬರು ಏರಿದರೆ ಕಿಡ್ನಿ ಸೋಮಾರಿಯಾಗಿದೆ ಎಂದು ಅರ್ಥ. ಮೆಹರುವಿನದು ಎರಡು ವರ್ಷದಿಂದ ಸ್ವಲ್ಪ ಏರಿತ್ತು. ಉಪ್ಪಿನಕಾಯಿ ಬೇಡ, ಮಾವಿನಹಣ್ಣು ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ಮೊಣಕಾಲು ನೋವಿನ ಮಾತ್ರೆ ಬೇಡವೇ ಬೇಡ, ಅದು ಕಿಡ್ನಿ ಕೆಡಿಸುತ್ತದೆ ಎಂದಿದ್ದರು ವಾಡಿಯ ಡಾಕ್ಟರು. ಅವಳು ಚಾಚೂ ತಪ್ಪದೆ ಕೇಳಿದಳು. ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಸಿಸ್ಟರು ಬೇಡ ಎಂದರೆ ಬೇಡ. ಆ ಹೆದರಿಕೆ ನಮ್ಮ ತಲೆಮಾರಿನ ಹುಡುಗಿಯರನ್ನು ಇವತ್ತಿಗೂ ಬಿಟ್ಟಿಲ್ಲ.

ಎರಡು ವರ್ಷ ನೋವು ನುಂಗಿಕೊಂಡು ಕೋಲು ಊರಿ ನಡೆದಳು. ಆಮೇಲೆ ಬಂತು ಈ ರಿಪೋರ್ಟು. ನಂಬರು ಧಡಕ್ಕನೆ ಕೆಳಗೆ. ನಾರ್ಮಲ್.

"ಪೇಢಾ ಮುಟ್ಟ್ಯಾವೇನು?" ಎಂದು ಫೋನ್ ಮಾಡಿದಳು.

"ಮುಟ್ಟ್ಯಾವ. ಯಾರ ಮದುವಿ?"

"ನಂದೇ. ಡಾಕ್ಟರ್ ಸಾಬ್ರು ಕಿಡ್ನಿ ಛಲೋ ಆಗ್ಯಾವ, ಇನ್ನ ಆರು ತಿಂಗಳು ಈ ಕಡಿ ತಿರುಗಿ ನೋಡಬ್ಯಾಡ್ರಿ ಅಂದಾರ. ಮೊಣಕಾಲಿಗಿ ಬೇಕಾದಾಗ ಗುಳಿಗಿ ತಗೋರಿ ಅಂದಾರ."

"ಬೇಕಾದಾಗ ಅಂದ್ರ ಯಾವಾಗ?"

"ಮುಂಜಾನಿ ಒಂದು, ಸಂಜಿಕಿ ಒಂದು. ನಿನ್ನಿ ಮಾಳಿಗಿ ಹತ್ತಿ ಹಪ್ಪಳ ಒಣಗಿಸಿ ಬಂದೀನಿ. ನೀ ಹತ್ತಿ ತೋರ್ಸು ನೋಡಮ್ಮಿ."

ನಾನೂ ಪೇಢಾ ತಿಂದೆ. ಖುಷಿಯಿಂದಲೇ ತಿಂದೆ. ಕೆಟ್ಟ ರಿಪೋರ್ಟ್ ಬಂದರೆ ನಾವು ಇನ್ನೊಂದು ಲ್ಯಾಬಿಗೆ ಓಡುತ್ತೇವೆ. ಒಳ್ಳೆಯದು ಬಂದರೆ? ಮಿಠಾಯಿ ಅಂಗಡಿಗೆ ಓಡುತ್ತೇವೆ. ಒಳ್ಳೆಯ ಸುದ್ದಿಯನ್ನು ಎರಡನೇ ಸಲ ಟೆಸ್ಟ್ ಮಾಡಿಸಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆ ಬೇಸಿಗೆಯಲ್ಲಿ ಅವಳು ಮಾವಿನಹಣ್ಣು ತಿಂದಳು. ಉಪ್ಪಿನಕಾಯಿ ತಿಂದಳು. ಕೋಲನ್ನು ಬಾಗಿಲ ಹಿಂದೆ ಎಸೆದಳು. ಒಮ್ಮೆ ವಾಡಿಯಿಂದ ಒಬ್ಬಳೇ ಪ್ಯಾಸೆಂಜರ್ ಹತ್ತಿ ನಮ್ಮ ಮನೆಗೆ ಬಂದು, ಜಗಲಿಯ ಫರ್ಸಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾನಾಗಿಯೇ ಎದ್ದಳು. ಎದ್ದು ನನ್ನ ಕಡೆ ನೋಡಿದಳು. ಆ ನೋಟ ನನಗೆ ಇನ್ನೂ ನೆನಪಿದೆ. ಹೈಜಂಪಿನಲ್ಲಿ ಫಸ್ಟ್ ಬಂದ ದಿನ ಹಾಗೆ ನೋಡಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಅವಳ ಮುಖ ಊದಿತು. ಹೆಚ್ಚು ನಿದ್ದೆ ಮಾಡಿದ್ದಕ್ಕೆ ಅಂದುಕೊಂಡಳು. ಆಮೇಲೆ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಆಮೇಲೆ ಬಳೆ ಕೈಯಿಂದ ಹೊರಬರಲಿಲ್ಲ. ಸೊಸೆ ಶಬಾನಾ ಸಾಬೂನು ಹಚ್ಚಿ ಒಂದೊಂದೇ ಬಳೆ ತೆಗೆಯುವಾಗ ಮೆಹರು ವಾಂತಿ ಮಾಡಿಕೊಂಡಳಂತೆ. ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಅಲ್ಲಿಯ ಡಾಕ್ಟರು ಹೊಸದಾಗಿ ರಕ್ತ ತೆಗೆಸಿ, ಬೇಸಿಗೆಯ ರಿಪೋರ್ಟನ್ನು ಅದರ ಪಕ್ಕದಲ್ಲಿಟ್ಟು, ಶಬಾನಾಳನ್ನು ಕೇಳಿದರು.

"ಇದು ಇವರದೇ ರಿಪೋರ್ಟ್ ಏನ್ರಿ?"

"ಹೆಸರು ಅತ್ತಿದೇ ಅದರಿ," ಎಂದಳು ಶಬಾನಾ.

ಹೆಸರು ಅವಳದೇ. ರಕ್ತವೂ ಅವಳದೇ. ನಂಬರು ಮಾತ್ರ ಅವಳದಾಗಿರಲಿಲ್ಲ.

ಈಗ ಮೆಹರುವಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್.

ಇಲ್ಲಿಂದ ಮುಂದೆ ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು. ಬೇಸಿಗೆಯಲ್ಲಿ ರಕ್ತ ನೋಡಿದ ವಾಡಿಯ ಲ್ಯಾಬಿನ ರಿಪೋರ್ಟಿನ ಕೆಳಗೆ, ತೀರಾ ಸಣ್ಣ ಅಕ್ಷರದಲ್ಲಿ, ಸಾಫ್ಟ್‌ವೇರ್ ಮಾಡಿದವರ ಹೆಸರು ಇರುತ್ತದೆ. ಆ ಹೆಸರು ನನ್ನ ತಂಗಿಯ ಮಗಳದು. ಇಲ್ಲಿ ಅವಳನ್ನು ವಿಜ್ಜಿ ಎಂದು ಕರೆಯುತ್ತೇನೆ. (ಹೆಸರು ಬದಲಿಸಿದ್ದೇನೆ. ಅವಳಿರುವ ಸೇಡಂನಲ್ಲಿ ಅದರಿಂದ ಏನೂ ಉಪಯೋಗವಿಲ್ಲ ಎಂದು ನನಗೂ ಗೊತ್ತು.) ಗಂಡನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಇವಳು ಮಾಳಿಗೆಯ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಾಳೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಐದು ಊರಿನ ಐದು ಲ್ಯಾಬು, ಒಬ್ಬನೇ ಮಾಲೀಕ. ಆ ಸಣ್ಣ ಅಕ್ಷರದ ಹೆಸರನ್ನು ನಾನು ಎಷ್ಟು ಜನಕ್ಕೆ ಬೆರಳಿಟ್ಟು ತೋರಿಸಿದ್ದೇನೋ.

ಎರಡೂ ರಿಪೋರ್ಟ್ ಬ್ಯಾಗಿನಲ್ಲಿಟ್ಟುಕೊಂಡು ವಾಡಿಯಲ್ಲಿ ರೈಲು ಬದಲಿಸಿ ಸೇಡಂಗೆ ಹೋದೆ.

"ದೊಡ್ಡವ್ವ, ಬರೋದು ಒಂದ್ ಫೋನ್ ಮಾಡಿ ಹೇಳಬಾರದೇನು? ಸ್ಟೇಷನ್ನಿಗಿ ಗಾಡಿ ಕಳಸ್ತಿದ್ದೆ."

"ಗಾಡಿ ಇರ್ಲಿ. ಇದು ನೋಡು."

ನೋಡಿದಳು. ಕಂಪ್ಯೂಟರಿನಲ್ಲಿ ಏನೇನೋ ತೆರೆದಳು, ಮುಚ್ಚಿದಳು. ಮಶೀನು ಕೊಟ್ಟ ಅಂಕಿ ಒಂದು ಕಡೆ, ರಿಪೋರ್ಟಿನಲ್ಲಿ ಅಚ್ಚಾದ ಅಂಕಿ ಇನ್ನೊಂದು ಕಡೆ. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದಳು. ಕೆಳಗೆ ಅತ್ತೆ ಇದ್ದರು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಐದು ಲ್ಯಾಬಿಗೂ ಬೇರೆ ಬೇರೆ ಪ್ರೋಗ್ರಾಂ ಇವೆಯಂತೆ. ಚಿತ್ತಾಪುರದವರಿಗೆ ಬಿಲ್ಲು ಕನ್ನಡದಲ್ಲಿ ಬೇಕು, ನಮ್ಮ ಶಹಾಬಾದಿನವರಿಗೆ ರಿಪೋರ್ಟು ವಾಟ್ಸಾಪಿಗೆ ಹೋಗಬೇಕು. ಅವರವರ ಹಟ ಅವರವರಿಗೆ. ಆದರೆ ಲೆಕ್ಕ ಹಾಕುವ ಭಾಗ ಎಲ್ಲರಿಗೂ ಒಂದೇ.

"ಅದನ್ನ ಐದು ಸಲ ಎದಕ್ಕ ಬರೀಬೇಕು ದೊಡ್ಡವ್ವ? ಒಂದ್ಸಲ ಬರ್ದು ನಡುವ ಇಟ್ಟೀನಿ. ಐದೂ ಪ್ರೋಗ್ರಾಮು ಬಂದು ಅದರ ಕೈಲೇ ಲೆಕ್ಕ ಮಾಡಿಸ್ಕೊಂಡು ಹೋಗ್ತಾವ. ಅದಕ್ಕ ಲೈಬ್ರರಿ ಅಂತೀವಿ."

"ಶ್ಯಾಣ್ಯಾತನಾನೇ ಅದಲ್ಲ."

"ಅದು ಶ್ಯಾಣ್ಯಾತನಾನೇ. ತಪ್ಪು ಅಲ್ಲಿಲ್ಲ."

ತಪ್ಪು ಇದ್ದದ್ದು ಪಕ್ಕದಲ್ಲಿ. ಲ್ಯಾಬಿನ ಮಶೀನು ರಕ್ತಕ್ಕೆ ಔಷಧ ಬೆರೆಸಿ ಅದರ ಬಣ್ಣ ನೋಡುತ್ತದೆಯಂತೆ. ಆ ಬಣ್ಣದ ಅಂಕಿಯನ್ನು ಇನ್ನೊಂದು ನಂಬರಿನಿಂದ ಗುಣಿಸಿದರೆ ನಮ್ಮ ರಿಪೋರ್ಟು. ಆ ಗುಣಿಸುವ ನಂಬರು ಔಷಧದ ಡಬ್ಬಿಯ ಮೇಲಿರುತ್ತದೆ. ಡಬ್ಬಿಗೆ ಕಿಟ್ ಎನ್ನುತ್ತಾರೆ. ಕಂಪನಿ ಬದಲಾದರೆ ನಂಬರೂ ಬದಲು. ವಿಜ್ಜಿ ಈ ನಂಬರುಗಳನ್ನೆಲ್ಲ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟಿದ್ದಳು. ಕಾನ್ಫಿಗ್ ಫೈಲು. ಲೈಬ್ರರಿ ಲೆಕ್ಕ ಹಾಕುವ ಮೊದಲು ಅದನ್ನು ತೆರೆದು ನೋಡಿಕೊಳ್ಳುತ್ತದೆ.

ಈಗ ಪ್ರಶ್ನೆ. ಆ ಫೈಲನ್ನು ಎಲ್ಲಿಡಬೇಕು?

ವಿಜ್ಜಿ ಅದನ್ನು ಲೈಬ್ರರಿಯ ಫೋಲ್ಡರಿನಲ್ಲೇ ಇಟ್ಟಳು. ಐದು ಊರಿಗೂ ಒಂದೇ ಕಂಪನಿಯ ಕಿಟ್ ಬರುತ್ತಿದ್ದ ಕಾಲ ಅದು. ಒಂದೇ ಕಡೆ ಇದ್ದರೆ ಬದಲಿಸುವುದು ಸುಲಭ, ಹುಡುಕುವುದು ಸುಲಭ. ನೀವಾಗಿದ್ದರೂ ಅಲ್ಲೇ ಇಡುತ್ತಿದ್ದಿರಿ. ನಾನಂತೂ ಅಲ್ಲೇ ಇಡುತ್ತಿದ್ದೆ.

ಬೇಸಿಗೆಗೆ ಸ್ವಲ್ಪ ಮೊದಲು ಚಿಂಚೋಳಿಯ ಲ್ಯಾಬಿಗೆ ಬೇರೆ ಕಂಪನಿಯ ಕ್ರಿಯಾಟಿನಿನ್ ಕಿಟ್ ಬಂತು. ಅಲ್ಲಿಯ ಟೆಕ್ನಿಶಿಯನ್ ಮರ್ಯಾದಸ್ಥ. ತಾನಾಗಿಯೇ ಫೋನ್ ಮಾಡಿ, ನಂಬರ್ ಬದಲಾಗ್ಯಾದ ಮೇಡಂ, ಏನು ಮಾಡ್ಲಿ ಎಂದು ಕೇಳಿದ. ವಿಜ್ಜಿ ಆಗ ಸಂಬಂಧಿಕರ ಮನೆಯಲ್ಲಿ, ಕೂಸಿಗೆ ಹೆಸರಿಡುವ ಕಾರ್ಯಕ್ರಮದಲ್ಲಿ, ತೊಟ್ಟಿಲ ಪಕ್ಕ ನಿಂತಿದ್ದಳು. ಇಂಥಾ ಫೋಲ್ಡರಿನಾಗ ಇಂಥಾ ಫೈಲ್ ಅದ, ತೆಗೆದು ಬದಲಿ ಮಾಡ್ಕೋರಿ ಎಂದಳು. ಅವನು ಹೇಳಿದ ಹಾಗೆ ಮಾಡಿದ. ಆಯಿತು ಎಂದು ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದ.

ಅವನು ಹಾಕಿದ ನಂಬರು ಸರಿಯಾಗಿಯೇ ಇತ್ತು. ಚಿಂಚೋಳಿಗೆ.

ಉಳಿದ ನಾಲ್ಕು ಊರಿನಲ್ಲಿ ಹಳೆಯ ಕಿಟ್, ಹೊಸ ನಂಬರು. ಹೊಸದು ಹಳೆಯದಕ್ಕಿಂತ ಸಣ್ಣದು. ಆ ಗಳಿಗೆಯಿಂದ ಎಲ್ಲರ ಕ್ರಿಯಾಟಿನಿನ್ನೂ ಇಳಿಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್. ನಾಲ್ಕೂ ಊರಿನ ಕಿಡ್ನಿಗಳು ಒಂದೇ ದಿನ ಚೆನ್ನಾಗಿಬಿಟ್ಟವು.

"ಯಾರಿಗೂ ಸಂಶಯ ಬರಲಿಲ್ಲೇನು?" ಎಂದೆ.

ವಿಜ್ಜಿ ವಾಡಿಯ ಟೆಕ್ನಿಶಿಯನ್ನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಂಬರ್ ಕಮ್ಮಿ ಬರ್ಲಿಕತ್ತಾವಂತ ಗೊತ್ತಿತ್ರಿ ಮೇಡಂ," ಎಂದ ಅವನು. "ಮೊದ್ಲ ನಮ್ಮ ಲ್ಯಾಬಿನಾಗ ಎಲ್ಲಾ ಜಾಸ್ತಿ ತೋರಸ್ತದಂತ ಮಂದಿ ಬೈತಿದ್ರು. ಈಗ ಯಾರೂ ಬೈವಲ್ರು. ನೀವೇ ಏನೋ ರಿಪೇರಿ ಮಾಡೀರಿ ಅಂತ ತಿಳ್ಕೊಂಡ್ವಿ. ಯಾಕ್ರಿ, ಏನಾಯ್ತು?"

ವಿಜ್ಜಿ ಫೋನ್ ಇಟ್ಟಳು.

ಆಮೇಲೆ ಕೆಲಸಕ್ಕೆ ಕೂತಳು. ಫೈಲನ್ನು ಲೈಬ್ರರಿಯಿಂದ ಹೊರಗೆ ತೆಗೆದಳು. ಐದು ಪ್ರತಿ ಮಾಡಿ, ಆಯಾ ಲ್ಯಾಬಿನ ನಂಬರು ಹಾಕಿ, ಆಯಾ ಪ್ರೋಗ್ರಾಮಿನ ಬಳಿ ಇಟ್ಟಳು. ಇನ್ನು ಮೇಲೆ ಲೈಬ್ರರಿ ತಾನಾಗಿ ಯಾವ ಫೈಲನ್ನೂ ಹುಡುಕಿಕೊಂಡು ಹೋಗಬಾರದು, ಯಾರು ಲೆಕ್ಕಕ್ಕೆ ಕರೆಯುತ್ತಾರೋ ಅವರೇ ತಮ್ಮ ಫೈಲನ್ನು ಕೈಗೆ ಕೊಡಬೇಕು ಎಂದಳು.

"ಕೊಡೋದು ಮರ್ತ್ರ?"

"ಮರ್ತ್ರ ಒಂದು ಹಳೇ ನಂಬರ್ ಇಟ್ಟಿರ್ತೀನಿ, ಅದನ್ನ ತಗೊಂಡು..." ಅಲ್ಲಿಗೆ ನಿಲ್ಲಿಸಿ, ನನ್ನ ಬ್ಯಾಗಿನ ಮೇಲಿದ್ದ ರಿಪೋರ್ಟುಗಳನ್ನು ನೋಡಿದಳು. "ಇಲ್ಲ. ಮರ್ತ್ರ ರಿಪೋರ್ಟೇ ಬರಬಾರದು. ಲ್ಯಾಬಿನವರು ಮುಂಜಾನಿಯಿಂದ ಫೋನ್ ಬಾರಿಸ್ತಾರ. ಬಾರಿಸ್ಲಿ."

ಅವಳ ಅತ್ತೆ ತಂದಿಟ್ಟ ಚಹಾ ಆರುವುದರೊಳಗೆ ಎಲ್ಲ ಮುಗಿದಿತ್ತು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು. ಇಷ್ಟೇ ಕೆಲಸವೇ? ಒಂದು ಬಿಸಿ ಚಹಾದಷ್ಟು ಹೊತ್ತಿನ ಕೆಲಸವೇ?

ನಂತರ ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಆಕೆಯ ಬಗ್ಗೆ ನನಗೆ ಎಷ್ಟೇ ಸಿಟ್ಟಿದ್ದರೂ ಈ ಮಾತು ಬರೆಯಲೇಬೇಕು.

"ಈಗ ಸರಿ ಆಯ್ತಿಲ್ಲೋ?" ಎಂದರು ಅವರು.

"ಆಯ್ತು ಸರ್. ಆದ್ರ ಅಷ್ಟು ದಿನ ತಪ್ಪು ರಿಪೋರ್ಟ್ ತಗೊಂಡು ಹೋದವರಿಗಿ..."

"ಹಳೇದು ಕೆದರಬ್ಯಾಡ್ರಿ ಮೇಡಂ. ಮಂದಿ ಸುಮ್ಮನ ಗಾಬ್ರಿ ಆಗ್ತಾರ."

"ಸರ್, ನಾಲ್ಕು ಊರಿನ ಮಂದಿ."

"ಅವರಿಗಿ ಏನೂ ಆಗಿಲ್ಲಲ್ಲ. ಆಗಿದ್ರ ನಮ್ಮ ಹತ್ರ ಬಂದು ಕೇಳ್ತಿದ್ರಿಲ್ಲ?"

ಅದೂ ನಿಜವೇ. ಆದವರು ಕಲಬುರಗಿಗೆ ಹೋಗುತ್ತಾರೆ. ಅಲ್ಲಿ ಮಲಗಿದವರು ವಾಡಿಗೆ ಬಂದು ಜಗಳ ಆಡಲು ಏಳಬೇಕಲ್ಲ?

ವಿಜ್ಜಿ ಪರದೆಯ ಮೇಲೆ ಒಂದು ಪಟ್ಟಿಯನ್ನು ಸರಿಸುತ್ತಾ ಕೂತಳು. ಹೆಸರು, ಊರು, ಮೊಬೈಲ್ ನಂಬರು. ಆ ದಿನಗಳಲ್ಲಿ ಟೆಸ್ಟ್ ಮಾಡಿಸಿದವರೆಲ್ಲ ಅಲ್ಲಿದ್ದಾರೆ. ಎಲ್ಲರಿಗೂ ಒಂದು ಮೆಸೇಜು ಹೋಗಬೇಕಷ್ಟೆ. ಇನ್ನೊಮ್ಮೆ ಟೆಸ್ಟ್ ಮಾಡಿಸಿಕೊಳ್ಳಿ ಎಂದು ಒಂದು ಸಾಲು.

"ಕಳಸು," ಎಂದೆ.

"ಈ ನಂಬರ್ ನನ್ನವಲ್ಲ ದೊಡ್ಡವ್ವ. ಲ್ಯಾಬಿನವರವು. ಅವರನ್ನ ಕೇಳ್ಲಾರದ ಹ್ಯಾಂಗ ಕಳಸ್ಲಿ?"

"ಆ ಫೈಲು ಮಾತ್ರ ಎಲ್ಲರದಾಗಿತ್ತು. ಈ ನಂಬರ್ ಯಾರದೂ ಅಲ್ಲೇನು?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಸರಿಸುತ್ತಲೇ ಇದ್ದಳು. ಐದೂ ಲ್ಯಾಬು ಆ ಮಾಲೀಕರವೇ. ಬೇರೆ ಗಿರಾಕಿ ಅವಳಿಗಿಲ್ಲ. ನಾನು ಎದ್ದು ಬಂದೆ.

ವಾಪಸ್ಸು ಬರುವಾಗ ವಾಡಿಯಲ್ಲಿ ಇಳಿದು ಮೆಹರುವಿನ ಮನೆಗೆ ಹೋದೆ. ಡಯಾಲಿಸಿಸ್ ಆದ ಮರುದಿನ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಬ್ಯಾಂಡೇಜು. ಬರಿಗೈ. ಅವಳನ್ನು ಬಳೆಯಿಲ್ಲದೆ ನಾನು ನೋಡಿದ್ದೇ ಇಲ್ಲ. ಎಲ್ಲ ಹೇಳಿದೆ. ಸಾಫ್ಟ್‌ವೇರ್ ಯಾರದು ಎಂದೂ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಅಂದ್ರ ನಮ್ಮ ಬಾವಿ ಹಗ್ಗ ಆಗ್ಯಾದ," ಎಂದಳು.

ನನಗೆ ತಕ್ಷಣ ಹೊಳೆಯಿತು. ನಾವಿಬ್ಬರೂ ಬೆಳೆದ ಶಹಾಬಾದಿನ ಓಣಿಯಲ್ಲಿ ಕಲ್ಲು ಕೊರೆದು ತೋಡಿದ ಬಾವಿ ಇತ್ತು. ಬಾವಿ ಓಣಿಯದು. ನೀರು ಸೇದುವ ಗಾಲಿ, ಗಡಗಡಿ ಎನ್ನುತ್ತಿದ್ದೆವು, ಅದೂ ಓಣಿಯದು. ಹಗ್ಗ ಮಾತ್ರ ಅವರವರ ಮನೆಯದು. ಸೇದುವುದು ಮುಗಿದ ಮೇಲೆ ಸುತ್ತಿ, ಹೆಗಲಿಗೆ ಹಾಕಿಕೊಂಡು ಮನೆಗೆ ತಂದು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಬೇಕು. ಒದ್ದೆ ಹಗ್ಗದಿಂದ ಯೂನಿಫಾರ್ಮು ಹಾಳಾಗುತ್ತದೆ ಎಂದು ನಾವಿಬ್ಬರೂ ದಿನಾ ಗೊಣಗುತ್ತಿದ್ದೆವು. ಗಡಗಡಿ ಅಲ್ಲೇ ಇರುತ್ತದೆ, ಹಗ್ಗಕ್ಕೇನು ಧಾಡಿ?

ಓಣಿಯ ಹಿರಿಯರೊಬ್ಬರಿಗೂ ಹಾಗೇ ಅನಿಸಿ, ಎಲ್ಲರಿಗೂ ಇರಲಿ ಎಂದು ಒಂದು ಉದ್ದ ಹಗ್ಗ ತಂದು ಗಡಗಡಿಗೆ ಹಾಕಿಟ್ಟರು. ಎಷ್ಟು ಖುಷಿ ನಮಗೆ. ಮಳೆಗಾಲ ಬಂತು, ನೀರು ಮೇಲೆ ಬಂತು. ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು, ಇಷ್ಟುದ್ದ ಒದ್ದೆ ಹಗ್ಗ ಯಾಕೆ ಎಳೆಯಬೇಕು ಎಂದು, ಅರ್ಧ ಕತ್ತರಿಸಿ ಬಟ್ಟೆ ಒಣಗಿಸಲು ಕಟ್ಟಿಕೊಂಡರು. ಅವರಿಗೆ, ಆ ಮಳೆಗಾಲಕ್ಕೆ, ಅದು ಸರಿಯಾದ ಅಳತೆಯೇ. ಬೇಸಿಗೆಯಲ್ಲಿ ಮೆಹರುವಿನ ಅಮ್ಮಿ ಕೊಡ ಇಳಿಬಿಟ್ಟರು. ನೀರು ಸಿಗುವ ಮೊದಲೇ ಹಗ್ಗ ಮುಗಿದು, ತುದಿ ಕೈಯಿಂದ ಜಾರಿ, ತವರಿನ ತಾಮ್ರದ ಕೊಡ ಹಗ್ಗದ ಸಮೇತ ತಳ ಸೇರಿತು. ಮರುದಿನದಿಂದ ಎಲ್ಲರ ಹೆಗಲಿಗೂ ಮತ್ತೆ ಅವರವರ ಹಗ್ಗ.

ಇದು ನಮಗೆ ಗೊತ್ತಿತ್ತು. ನಾವು ಕಂಡದ್ದು, ಕೈಯಾರೆ ಹೊತ್ತದ್ದು. ನಲ್ಲಿ ಬಂದ ಮೇಲೆ ಬಾವಿಗೆ ಕಲ್ಲು ಚಪ್ಪಡಿ ಮುಚ್ಚಿದೆವು, ಅದರ ಜೊತೆ ಇದನ್ನೂ ಮುಚ್ಚಿದೆವು. ಮನೆಯ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟೆವು, ಕಂಪ್ಯೂಟರ್ ಕೊಡಿಸಿದೆವು. ಗಡಗಡಿ ಎಲ್ಲರದು, ಹಗ್ಗ ನಿನ್ನದು ಎಂದು ಹೇಳಿಕೊಡಲು ಯಾರಿಗೂ ತೋಚಲಿಲ್ಲ.

"ನನ್ನ ತಂಗಿ ಮಗಳ ಮ್ಯಾಲ ಸಿಟ್ಟಿಲ್ಲೇನು ನಿಂಗ?" ಎಂದು ಕೇಳಿದೆ.

"ಅದ. ಭಾಳ ಅದ." ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಆದ್ರ ಒಂದು ಬೇಸಿಗಿ ಮಾವಿನಹಣ್ಣು ತಿನಿಸ್ಯಾಳ ನೋಡು. ಇನ್ನ ಈ ಜನ್ಮದಾಗ ಕೊಡೋರ್ಯಾರು?"

ಜಾರಿದ ಹೊದಿಕೆಯನ್ನು ಅವಳ ಕಾಲಿಗೆ ಎಳೆದೆ.

"ಉಳಿದವರಿಗಿ ಹೇಳ್ಯಾರೇನು?" ಎಂದು ಕೇಳಿದಳು.

"ಇಲ್ಲ."

"ನೀ ವಾರಾ ವಾರಾ ಪೇಪರಿನಾಗ ಬರೀತೀಯಲ್ಲ. ಟಮಾಟಿ ತುಟ್ಟಿ ಆಯ್ತು, ಗಾಡಿ ಲೇಟ್ ಬಂತು, ಸೊಳ್ಳಿ ಕಡೀತು ಅಂತ. ಇದೊಂದು ಬರಿ ಹೋಗು."

ಅದಕ್ಕೇ ಬರೆದೆ. ಬರೆಯುತ್ತೇನೆ ಎಂದು ವಿಜ್ಜಿಗೆ ಮೊದಲೇ ಫೋನ್ ಮಾಡಿ ತಿಳಿಸಿದ್ದೆ. "ಬರಿ ದೊಡ್ಡವ್ವ," ಎಂದಳು. ಅಂದಿನಿಂದ ನನ್ನ ಫೋನ್ ಎತ್ತಿಲ್ಲ. ತಂಗಿಯೂ ಎತ್ತುತ್ತಿಲ್ಲ. ಲ್ಯಾಬಿನ ಹೆಸರು ಹಾಕಿದರೆ ಸಂಪಾದಕರು ಅಚ್ಚು ಹಾಕುವುದಿಲ್ಲ, ಆದ್ದರಿಂದ ಅದಿಲ್ಲ. ಇದನ್ನು ಎಷ್ಟು ಜನ ಓದುತ್ತೀರೋ ಗೊತ್ತಿಲ್ಲ. ಆ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಪೇಪರು ಓದುವವರಲ್ಲ ಎಂಬುದು ಮಾತ್ರ ಗೊತ್ತು. ಓದಿದವರು ಓದದವರಿಗೆ ಹೇಳುತ್ತೀರಿ ಎಂಬ ಭರವಸೆಯೂ ನನಗೆ ಈಗೀಗ ಕಡಿಮೆಯಾಗಿದೆ.

ಆದರೂ ಕೇಳುತ್ತೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರೇ, ಈ ಬೇಸಿಗೆಯಲ್ಲಿ ನಿಮ್ಮ ರಿಪೋರ್ಟು ಬಹಳ ಚೆನ್ನಾಗಿ ಬಂದಿತ್ತೇ?